‘ವಲಸಿಗರು’ ಎಂಬ ಪದಕ್ಕೆ ವಿಶ್ವಕೋಶದಲ್ಲಿ ಒಂದು ಪುಟ ಬೇಕೇ?

ನವನಗರದ ಓದುಗ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಎರಡು ವಾರ ರಾತ್ರಿ ಕುಳಿತು ಬರೆದ ಲೇಖನವೊಂದರ ನೆತ್ತಿಯ ಮೇಲೆ ‘ಅಳಿಸಲು ಸೂಚಿಸಲಾಗಿದೆ’ ಎಂಬ ಪಟ್ಟಿ ಬಿದ್ದಿದೆ. ಅಂತರಜಾಲದ ಮುಕ್ತ ವಿಶ್ವಕೋಶವೊಂದರಲ್ಲಿ ನಾನು ತೆರೆದ ಪುಟ ಅದು. ಹೆಸರು ‘ವಲಸಿಗರು (ರಾಜಕೀಯ)’.

ಹಿನ್ನೆಲೆ ನಿಮಗೆಲ್ಲ ಗೊತ್ತು. 2019ರ ಜುಲೈನಲ್ಲಿ ರಾಜ್ಯದ ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರ ಬಿದ್ದಿತು, 17 ಶಾಸಕರು ಅನರ್ಹಗೊಂಡರು. ಅವರಲ್ಲಿ ಹೆಚ್ಚಿನವರು ಬಿಜೆಪಿ ಸೇರಿದರು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು ಬಿಜೆಪಿ 12 ಸ್ಥಾನ ಗೆದ್ದಿತು. ಗೆದ್ದವರಲ್ಲಿ 10 ಮಂದಿ 2020ರ ಫೆಬ್ರುವರಿ 6ರಂದು ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿದರು. ಆ ದಿನಗಳಿಂದ ಆಳುವ ಪಕ್ಷದ ಒಳಗಿನ ಸುದ್ದಿ ಬರೆಯುವಾಗ ಪತ್ರಿಕೆಗಳು ಎರಡು ಗುಂಪನ್ನು ಎರಡೇ ಪದಗಳಲ್ಲಿ ಕರೆದವು: ‘ಮೂಲ’ ಮತ್ತು ‘ವಲಸಿಗ’. ಮೂಲದವರಿಗೆ ಖಾತೆ ಸಿಗಲಿಲ್ಲ, ವಲಸಿಗರಿಗೆ ಸಿಕ್ಕಿತು ಎಂಬ ಧಾಟಿಯ ಸುದ್ದಿಗಳನ್ನು ನಾವೆಲ್ಲ ತಿಂಗಳುಗಟ್ಟಲೆ ಓದಿದ್ದೇವೆ.

ನನ್ನ ಪುಟಕ್ಕೆ ಬಂದ ಆಕ್ಷೇಪ ಒಂದೇ ಸಾಲಿನದು: ಇದು ಹೊಸ ಆಡುಮಾತು, ವಿಶ್ವಕೋಶಕ್ಕೆ ತಕ್ಕದ್ದಲ್ಲ. 11 ಪತ್ರಿಕಾ ವರದಿಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದೇನೆ, ಆದರೂ ಈ ಮಾತು. ಇನ್ನು ಇಪ್ಪತ್ತು ವರ್ಷದ ಮೇಲೆ ಯಾರಾದರೂ 2020ರ ಪತ್ರಿಕೆ ತೆರೆದರೆ ‘ವಲಸಿಗರ ಮುನಿಸು’ ಎಂಬ ತಲೆಬರಹ ಅವರಿಗೆ ಅರ್ಥವಾಗುವುದು ಹೇಗೆ? ನಿಮ್ಮ ಅಭಿಪ್ರಾಯ ಬೇಕು. ಇನ್ನು ಐದು ದಿನದಲ್ಲಿ ತೀರ್ಮಾನವಾಗುತ್ತದೆ.

ಗುಮ್ಮಟದ ನೆರಳು (ವಿಜಯಪುರ)

ನಿಮ್ಮ ಶ್ರಮಕ್ಕೆ ಮೊದಲು ವಂದನೆ. ಆದರೆ ಆಕ್ಷೇಪ ಎತ್ತಿದವರ ಪರವಾಗಿ ಒಂದು ಮಾತು ಹೇಳಲೇಬೇಕು. ನಾನು ಕೋರ್ಟಿನಲ್ಲಿ ದಿನವೂ ಸಾಕ್ಷ್ಯ ನೋಡುವವನು, ಆ ಕಣ್ಣಿನಿಂದಲೇ ನಿಮ್ಮ 11 ವರದಿಗಳನ್ನೂ ತೆರೆದು ಓದಿದೆ. ಹನ್ನೊಂದರಲ್ಲೂ ಆ ಪದ ಇದೆ, ಆದರೆ ಆ ಪದದ ಬಗ್ಗೆ ಒಂದೂ ವರದಿ ಇಲ್ಲ. ಯಾರು ಮೊದಲು ಆಡಿದರು, ಹೀಗೆ ಕರೆಸಿಕೊಂಡವರು ಒಪ್ಪಿದರೇ, ಅದು ಬೈಗುಳವೋ ಬರೀ ಗುರುತೋ ಎಂಬುದು ಎಲ್ಲಿಯೂ ಇಲ್ಲ. ಅದನ್ನೆಲ್ಲ ನೀವೇ ಹನ್ನೊಂದು ವರದಿ ಓದಿ ಹೆಣೆದಿದ್ದೀರಿ. ಅದು ಸಂಶೋಧನೆ, ಒಳ್ಳೆಯ ಸಂಶೋಧನೆಯೇ ಇರಬಹುದು, ಆದರೆ ವಿಶ್ವಕೋಶದ ಕೆಲಸ ಅದಲ್ಲ. ಬೇರೆಯವರು ಈಗಾಗಲೇ ಬರೆದಿಟ್ಟದ್ದನ್ನು ಸಂಗ್ರಹಿಸಿ ಹೇಳುವುದಷ್ಟೇ ಅದರ ಕೆಲಸ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸ ಪದಗಳಿಗೆ ಇರುವ ನಿಯಮವೂ ಇದೇ: ಪದವನ್ನು ಬಳಸಿದ ಆಧಾರ ಸಾಲದು, ಪದವನ್ನು ಚರ್ಚಿಸಿದ ಆಧಾರ ಬೇಕು.

‘ಆಪರೇಷನ್ ಕಮಲ’ವನ್ನು ಪಕ್ಕದಲ್ಲಿಟ್ಟು ನೋಡಿ. 2008ರಲ್ಲಿ ಬಿಜೆಪಿಗೆ 224ರಲ್ಲಿ 110 ಸ್ಥಾನ ಬಂದು ಬಹುಮತಕ್ಕೆ ಮೂರು ಕಡಿಮೆಯಾದಾಗ ಹುಟ್ಟಿದ ಮಾತು ಅದು. ಬೇರೆ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ, ಉಪಚುನಾವಣೆಯಲ್ಲಿ ತಮ್ಮ ಚಿಹ್ನೆಯ ಮೇಲೆ ನಿಲ್ಲಿಸಿ ಗೆಲ್ಲಿಸುವ ಒಂದು ವಿಧಾನಕ್ಕೆ ಅದು ಹೆಸರು. 1985ರ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ ಹತ್ತನೇ ಅನುಸೂಚಿಯನ್ನು, ಅಂದರೆ ಪಕ್ಷಾಂತರ ನಿಷೇಧದ ಕಾನೂನನ್ನು, ಆ ವಿಧಾನ ಹೇಗೆ ಸುತ್ತಿ ಹೋಗುತ್ತದೆ ಎಂದು ಕಾನೂನು ಬಲ್ಲವರು ಬರೆದಿದ್ದಾರೆ. ಆ ಪದ ರಾಜ್ಯದ ಗಡಿಯನ್ನೂ ದಾಟಿತು. 2023ರಲ್ಲಿ ಅದೇ ಅಚ್ಚಿನಿಂದ ‘ಆಪರೇಷನ್ ಹಸ್ತ’ ಎಂಬ ಮಾತೂ ಬಂತು. ಮರಿ ಹಾಕುವ ಪದಕ್ಕೆ ಪುಟ ಬೇಕು, ಸಂಶಯವಿಲ್ಲ. ‘ವಲಸಿಗ’ ಅಲ್ಲಿಗೆ ಇನ್ನೂ ಬಂದಿಲ್ಲ.

ಅಥಣಿಯವನು

ವಕೀಲ ಸಾಹೇಬರೇ, ಆ ಚುನಾವಣೆಯಲ್ಲಿ ನಮ್ಮ ಜಿಲ್ಲೆಯ ಅಥಣಿ, ಕಾಗವಾಡ, ಗೋಕಾಕ ಮೂರೂ ಇದ್ದವು. ಪದವನ್ನು ಯಾರು ಹುಟ್ಟಿಸಿದರು ಎಂದು ಕೇಳುತ್ತೀರಿ. ನಮ್ಮಲ್ಲಿ ‘ವಲಸಿಗರು’ ಬರುವುದಕ್ಕೆ ಮೊದಲು ‘ಅನರ್ಹರು’ ಇತ್ತು. ಅದು ಬದಲಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

2019ರ ನವೆಂಬರ್‌ನಲ್ಲಿ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ಧ್ವನಿವರ್ಧಕ ಕಟ್ಟಿದ ಗಾಡಿ ತಿರುವಿನಲ್ಲಿ ಕಂಡಿತು. ಚಹಾ ಸೋಸುತ್ತಿದ್ದ ಹುಡುಗ ತಲೆ ಎತ್ತದೆ ‘ಅನರ್ಹರ ಗಾಡಿ ಬಂತು’ ಎಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ನಗೆಯೂ ಇರಲಿಲ್ಲ. ‘ಹಾಲಿನ ಗಾಡಿ ಬಂತು’ ಎನ್ನುವ ಹಾಗೆ ಅಂದ. ಕಾನೂನಿನ ಶಿಕ್ಷೆಯೊಂದು ಮೂರು ತಿಂಗಳಲ್ಲಿ ಮನೆತನದ ಅಡ್ಡಹೆಸರಿನಂತೆ ಆಗಿತ್ತು. ಗೆದ್ದ ಮೇಲೆ ಆ ಹೆಸರಿನಿಂದ ಕರೆಯಲು ಆಗಲಿಲ್ಲ. ಜನರೇ ಆರಿಸಿದ ಮೇಲೆ ಅನರ್ಹರು ಹೇಗಾಗುತ್ತಾರೆ? ಆ ಖಾಲಿ ಜಾಗಕ್ಕೆ ‘ವಲಸಿಗ’ ಬಂತು. ಇದನ್ನು ಯಾವ ಪ್ರಾಧ್ಯಾಪಕರೂ ಬರೆದಿಲ್ಲ. ಆದರೆ ಇದು ಸುಳ್ಳಲ್ಲವಲ್ಲ!

ಗುಮ್ಮಟದ ನೆರಳು (ವಿಜಯಪುರ)

ಸುಳ್ಳಲ್ಲ ತಮ್ಮಾ, ಅಪ್ಪಟ ನಿಜ. ಕಾನೂನಿನ ಕಡೆಯಿಂದ ಒಂದು ಸಂಗತಿ ಸೇರಿಸುತ್ತೇನೆ. ಅವರು 2023ರವರೆಗೆ, ಅಂದರೆ ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ, ಸ್ಪರ್ಧಿಸುವಂತಿಲ್ಲ ಎಂದು ಸಭಾಧ್ಯಕ್ಷರು ಆದೇಶಿಸಿದ್ದರು. ಸುಪ್ರೀಂ ಕೋರ್ಟ್ 2019ರ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಸ್ಪರ್ಧೆಗೆ ಹಾಕಿದ್ದ ತಡೆಯನ್ನು ತೆಗೆಯಿತು. ಹಾಗಾಗಿ ‘ಅನರ್ಹ’ರಾಗಿದ್ದುಕೊಂಡೇ ಅವರು ಮತ ಕೇಳಲು ಬಂದರು. ಆ ವಿಚಿತ್ರ ಸ್ಥಿತಿಯೇ ಆ ಪದವನ್ನು ಬೀದಿಗೆ ತಂದಿತು. ಆದರೆ ಚಹಾ ಅಂಗಡಿಯಲ್ಲಿ ನೀವು ಕೇಳಿದ್ದನ್ನು ವಿಶ್ವಕೋಶ ಯಾವ ಆಧಾರದಿಂದ ಒಪ್ಪಬೇಕು? ಸಾಕ್ಷಿ ನೀವೊಬ್ಬರೇ. ನಾಳೆ ಇನ್ನೊಬ್ಬರು ಬಂದು, ಆ ಹುಡುಗ ಹಾಗೆ ಅನ್ನಲಿಲ್ಲ, ಹೀಗೆ ಅಂದ ಎಂದರೆ?

ಕರಡು ಕಾಕಾ (ಬೆಳಗಾವಿ)

ಎಲ್ಲರೂ ರಾಜಕಾರಣಿಯ ಬಾಯಿಯನ್ನೇ ನೋಡುತ್ತಿದ್ದೀರಿ, ಒಮ್ಮೆ ಪತ್ರಿಕೆಯ ಕಾಲಂ ಅಗಲವನ್ನೂ ನೋಡಿ. ದಿನಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸವನ್ನು 31 ವರ್ಷ ಮಾಡಿದವನು ನಾನು. ಇಂಥ ಪದಗಳಲ್ಲಿ ಅರ್ಧದಷ್ಟು ಹುಟ್ಟುವುದು ರಾತ್ರಿ ಹತ್ತೂವರೆಗೆ, ಡೆಸ್ಕಿನ ಮೇಲೆ, ಜಾಗ ಸಾಲದೆ.

ಎಣಿಸಿ ನೋಡಿ. ‘ಬೇರೆ ಪಕ್ಷದಿಂದ ಬಂದ ಶಾಸಕರು’ ಎಂದರೆ 12 ಅಕ್ಷರ, ನಡುವೆ ಮೂರು ಕಡೆ ಬಿಡುವು. ‘ವಲಸಿಗರು’ ಎಂದರೆ ಐದೇ ಅಕ್ಷರ, ಒಂದೂ ಒತ್ತಿಲ್ಲ. ಒತ್ತಕ್ಷರ ಇದ್ದರೆ ಎರಡು ಸಾಲಿನ ತಲೆಬರಹದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಂದು ತಾಗುತ್ತದೆ. ಸಾಲುಗಳ ನಡುವೆ ಅಂತರ ಹೆಚ್ಚಿಸಬೇಕು, ಆಗ ಕೆಳಗಿನ ಸುದ್ದಿಯಲ್ಲಿ ಒಂದು ಸಾಲು ಕತ್ತರಿಸಬೇಕು. ಕಾಂಗ್ರೆಸ್ಸು ‘ಕೈ’ ಆದದ್ದು, ಬಿಜೆಪಿ ‘ಕಮಲ’ ಆದದ್ದು, ಜನತಾದಳ ‘ತೆನೆ’ ಆದದ್ದು ಪ್ರೀತಿಯಿಂದಲೂ ಅಲ್ಲ, ದ್ವೇಷದಿಂದಲೂ ಅಲ್ಲ. ಡಿಕೆಶಿ, ಬಿಎಸ್‌ವೈ, ಎಚ್‌ಡಿಕೆ ಕೂಡ ಹಾಗೆಯೇ. ಉಪಸಂಪಾದಕನಿಗೆ ಸರಿಹೊಂದಿದ ಪದ ಮರುದಿನ ಓದುಗನ ನಾಲಗೆಗೆ ಬರುತ್ತದೆ, ಮೂರನೆಯ ದಿನ ಅದೇ ಪದವನ್ನು ರಾಜಕಾರಣಿ ಭಾಷಣದಲ್ಲಿ ಆಡುತ್ತಾನೆ, ನಾಲ್ಕನೆಯ ದಿನ ನಾವು ಅವನ ಮಾತೆಂದು ಅದನ್ನು ಮತ್ತೆ ಅಚ್ಚು ಹಾಕುತ್ತೇವೆ. ಇದರಲ್ಲಿ ‘ಮೊದಲು ಆಡಿದವರು’ ಯಾರು?

ಈ ಹಾದಿಯನ್ನು ಯಾರಾದರೂ ಬರೆದಿಡಬೇಕು ಎಂದು ನನಗೆ ಬಹಳ ದಿನದಿಂದ ಆಸೆಯಿದೆ. ವಿಶ್ವಕೋಶದಲ್ಲಿ ಆಗದಿದ್ದರೆ ಎಲ್ಲಿ?

ಕೋಟೆ ಕೆರೆ (ಬೆಳಗಾವಿ)

ನನಗೆ ಈ ಜಿಪುಣತನವೇ ಅರ್ಥವಾಗುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ, ಅದು ಒಟ್ಟು 14 ಸಂಪುಟ. ಅಲ್ಲಿ ಕಾಗದ ಖರ್ಚಾಗುತ್ತಿತ್ತು, ಅಕಾರಾದಿಯಲ್ಲಿ ಒಂದು ಅಕ್ಷರದ ಸಂಪುಟ ಅಚ್ಚಾಗಿ ಹೋದರೆ ಆ ಅಕ್ಷರದ ಹೊಸ ಪದ ಹೊರಗೇ ಉಳಿಯುತ್ತಿತ್ತು. ಅವರು ಆಯ್ದು ಸೇರಿಸಿದ್ದು ನ್ಯಾಯ. ನಮಗೆ ಕಾಗದವಿಲ್ಲ, ತೂಕವಿಲ್ಲ, ಸಂಪುಟವಿಲ್ಲ. ಎಲ್ಲವನ್ನೂ ಸೇರಿಸಿ, ಬಾಳದಿದ್ದರೆ ಆಮೇಲೆ ತೆಗೆಯಿರಿ.

ಘಟಪ್ರಭೆ (ಮುಧೋಳ)

ಕೋಟೆ ಕೆರೆಯವರೇ, ಆಮೇಲೆ ತೆಗೆಯುವವರು ಯಾರು? ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಯೋಜನಾ ಕಾರ್ಯಕ್ಕೆ ಮೊಬೈಲ್ ತೆರೆದು ಮೊದಲು ಬಂದ ಪುಟವನ್ನು ನಕಲು ಮಾಡುತ್ತಾರೆ. ವಿಶ್ವಕೋಶದಲ್ಲಿದೆ ಎಂದರೆ ಅವರ ಪಾಲಿಗೆ ಅದು ಪಠ್ಯಪುಸ್ತಕಕ್ಕೆ ಸಮ.

ರಾಜಕೀಯದ ಹೊಸ ಪದಗಳಲ್ಲಿ ಹೆಚ್ಚಿನವು ಎದುರಾಳಿಯ ಮೇಲೆ ಎಸೆಯಲೆಂದೇ ಮಾಡಿದವು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ (ಪೇಟಿಎಂ ಹೆಸರನ್ನು ತಿರುಚಿ ಮುಖ್ಯಮಂತ್ರಿಯ ಮೇಲೆ ಲಂಚದ ಆರೋಪ ಹೊರಿಸಿದ ಮಾತು) ಭಿತ್ತಿಚಿತ್ರ ಅಂಟಿಸಿದವರು ಕಾಂಗ್ರೆಸ್ಸಿನವರು. ‘ಆಪರೇಷನ್ ಹಸ್ತ’ ಎಂಬ ಮಾತು ಕಾಂಗ್ರೆಸ್ಸಿನ ಮೇಲೆಯೇ ಬಂತು. ಪ್ರತಿಯೊಂದಕ್ಕೂ ಪುಟ ಕೊಟ್ಟರೆ ವಿಶ್ವಕೋಶ ಪಕ್ಷಗಳ ಪ್ರಚಾರ ಗೋಡೆಯಾಗುತ್ತದೆ. ‘ಪೇಸಿಎಂ’ ವಿಷಯದಲ್ಲಾದರೂ ಒಂದು ಘಟನೆಯಿತ್ತು. ಚಿತ್ರ ಅಂಟಿಸಿದರು, ಪೊಲೀಸ್ ಪ್ರಕರಣವಾಯಿತು, ಮುಂದಿನ ವರ್ಷದ ಚುನಾವಣೆಯವರೆಗೂ ಚರ್ಚೆ ನಡೆಯಿತು. ಆ ಘಟನೆಯನ್ನು ಬರೆಯಬಹುದು. ಬರೀ ಪದಕ್ಕೆ ಪುಟ ಕೊಟ್ಟರೆ ಎಸೆದ ಕಲ್ಲಿಗೆ ಪೀಠ ಕಟ್ಟಿದಂತೆ.

ಆದರೆ ‘ಅಹಿಂದ’ವನ್ನು ನೋಡಿ. ಅಲ್ಪಸಂಖ್ಯಾತರು, ಹಿಂದುಳಿದವರು, ದಲಿತರು ಎಂಬ ಮೂರು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿದ ಪದ. ಅದು ಯಾರನ್ನೂ ಬೈಯುವುದಿಲ್ಲ, ಅದರ ಹೆಸರಿನಲ್ಲಿ ಸಮಾವೇಶಗಳಾದವು, ಜನ ತಮ್ಮನ್ನು ತಾವೇ ಆ ಹೆಸರಿನಿಂದ ಕರೆದುಕೊಂಡರು. ಅದಕ್ಕೆ ಪುಟ ಬೇಡವೆಂದು ಯಾರೂ ಹೇಳಲಾರರು. ಒಬ್ಬರ ಮೇಲೆ ಅಂಟಿಸಿದ ಹೆಸರು ಬೇರೆ, ತಾವೇ ಹೊತ್ತ ಹೆಸರು ಬೇರೆ. ಈ ಭೇದವನ್ನು ನಾವು ಕೇಳುತ್ತಲೇ ಇಲ್ಲ.

ಗುಮ್ಮಟದ ನೆರಳು (ವಿಜಯಪುರ)

ಅಕ್ಕನವರ ಭೇದ ಒಳ್ಳೆಯದು, ಆದರೆ ಅದರಿಂದ ತೀರ್ಪು ಬರುವುದಿಲ್ಲ. ಅಂಟಿಸಿದ ಹೆಸರೂ ಉಳಿದುಕೊಳ್ಳುತ್ತದೆ. ಅಮೆರಿಕದಲ್ಲಿ ಗವರ್ನರ್ ಗೆರ‍್ರಿಯ ಕಾಲದಲ್ಲಿ ಚುನಾವಣಾ ಕ್ಷೇತ್ರವೊಂದನ್ನು ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಆಕಾರ ಬರುವಂತೆ ಕತ್ತರಿಸಿದ್ದಕ್ಕೆ, 1812ರ ಮಾರ್ಚ್ 26ರಂದು ಬಾಸ್ಟನ್ನಿನ ಪತ್ರಿಕೆಯೊಂದು ಎರಡನ್ನೂ ಸೇರಿಸಿ ‘ಜೆರಿಮ್ಯಾಂಡರ್’ ಎಂದು ಕರೆಯಿತು. ಅಪ್ಪಟ ಮೂದಲಿಕೆ. ಇಂದು ಅದು ರಾಜ್ಯಶಾಸ್ತ್ರದ ಪಾರಿಭಾಷಿಕ ಪದ. ನಮ್ಮಲ್ಲಿ 1967ರ ಹರಿಯಾಣದ ‘ಆಯಾ ರಾಮ್ ಗಯಾ ರಾಮ್’ ಕೂಡ ಹಾಗೆಯೇ. ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದ್ದರಿಂದ ಹುಟ್ಟಿದ ಮಾತು ಇಡೀ ದೇಶದ ಪಕ್ಷಾಂತರಕ್ಕೆ ಹೆಸರಾಯಿತು. ಬೈಗುಳ ಎನ್ನುವ ಕಾರಣಕ್ಕೆ ತಳ್ಳಿಹಾಕಿದ್ದರೆ ಇವೆರಡೂ ಹೊರಗಿರುತ್ತಿದ್ದವು. ಹುಟ್ಟಿದ ವಾರವೇ ಪುಟ ಕೊಟ್ಟಿದ್ದರೆ ಜೊತೆಗೆ ಸತ್ತುಹೋದ ನೂರು ಮಾತುಗಳೂ ಒಳಗಿರುತ್ತಿದ್ದವು. ಆದ್ದರಿಂದ ಕಾಯಬೇಕು.

ಕರಡು ಕಾಕಾ (ಬೆಳಗಾವಿ)

ಕಾಯುವುದು ಎಷ್ಟು ದಿನ, ವಕೀಲರೇ? ಈ ಮಾತು ನನ್ನನ್ನು ನಿದ್ದೆಗೆಡಿಸುತ್ತದೆ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಿಮ್ಮ ನಿಯಮ ಇಂಗ್ಲಿಷಿಗೆ ಸರಿ. ಅಲ್ಲಿ ಹೊಸ ಪದ ಬಂದ ತಿಂಗಳಲ್ಲೇ ಅದರ ಬಗ್ಗೆ ಅಂಕಣ ಬರುತ್ತದೆ, ಪ್ರತಿ ವರ್ಷ ನಿಘಂಟಿನವರು ‘ವರ್ಷದ ಪದ’ ಎಂದು ಆರಿಸುತ್ತಾರೆ. ಕನ್ನಡದಲ್ಲಿ ಪದದ ಬಗ್ಗೆ ಬರೆಯುವವರು ಎಷ್ಟು ಜನ? ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವಾರವಾರ ಉತ್ತರ ಕೊಡುತ್ತಿದ್ದರು. ಹಳ್ಳಿಯಿಂದ ಕಾರ್ಡು ಬರೆದು ಕೇಳಿದವನ ಪದಕ್ಕೂ ಅಲ್ಲಿ ಮರ್ಯಾದೆಯಿತ್ತು. 2021ರಲ್ಲಿ, 107ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆ ಕುರ್ಚಿಯಲ್ಲಿ ಈಗ ಯಾರಿದ್ದಾರೆ? ಪದವನ್ನು ಚರ್ಚಿಸಿದ ಆಧಾರ ತನ್ನಿ ಎಂದು ನೀವು ಕೇಳುತ್ತೀರಿ, ಚರ್ಚಿಸುವವರೇ ಇಲ್ಲದ ಭಾಷೆಯಲ್ಲಿ ಆಧಾರ ಎಲ್ಲಿಂದ ಬರಬೇಕು?

ಎರಡನೆಯ ಮಾತು. ನಮ್ಮ ಭಾಗದ ಪದಗಳು ಅಚ್ಚಾಗುವುದು ಜಿಲ್ಲಾ ಪುಟಗಳಲ್ಲಿ. ಅಂಥ ಪುಟಗಳು ಅಂತರಜಾಲದಲ್ಲಿ ಹುಡುಕಿದರೆ ಸಿಗುವುದು ಅಪರೂಪ. ನಾವು ತಿದ್ದಿದ ಪುಟ ಬೆಳಿಗ್ಗೆ ಬಜ್ಜಿ ಕಟ್ಟಲು ಹೋಗುತ್ತಿತ್ತು. ಉಳಿಯುತ್ತಿದ್ದದ್ದು ಗ್ರಂಥಾಲಯದ ಕಟ್ಟಿನಲ್ಲಿ ಮಾತ್ರ. ಅದರ ಅಂಚು ಮುಟ್ಟಿದರೆ ಪುಡಿಯಾಗುತ್ತದೆ.

ವಿಜಯಪುರದವರಾದ ನಿಮಗೆ ನಾನು ಹೇಳಬೇಕಿಲ್ಲ. ಫ.ಗು. ಹಳಕಟ್ಟಿಯವರೂ ವಕೀಲರೇ. ಮನೆಮನೆ ತಿರುಗಿ ತಾಳೆಗರಿ ಕೂಡಿಸಿ, 1925ರಲ್ಲಿ ತಮ್ಮದೇ ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚಿಗೆ ತಂದರು. ಬೇರೆಯವರು ವಚನಗಳ ಬಗ್ಗೆ ಬರೆಯಲಿ, ಆಮೇಲೆ ನೋಡೋಣ ಎಂದು ಅವರು ಕುಳಿತಿರಲಿಲ್ಲ. ವಚನಕ್ಕೂ ಈ ಪದಕ್ಕೂ ನಾನು ಹೋಲಿಕೆ ಮಾಡುತ್ತಿಲ್ಲ. ಹೋಗುವುದರೊಳಗೆ ಹಿಡಿದಿಡಬೇಕು ಎಂಬ ಅವಸರವನ್ನಷ್ಟೇ ಹೇಳುತ್ತಿದ್ದೇನೆ.

ಗುಮ್ಮಟದ ನೆರಳು (ವಿಜಯಪುರ)

ಕಾಕಾ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಆದರೂ ಹೇಳುತ್ತೇನೆ: ಹಳಕಟ್ಟಿಯವರು ಮೂಲವನ್ನು ಉಳಿಸಿದರು. ಈಗ ನಮಗೆ ಬೇಕಾದದ್ದೂ ಅದೇ. ದಿನಾಂಕ, ಪತ್ರಿಕೆ, ಪುಟ ಸಹಿತ ಬಳಕೆಯ ವಾಕ್ಯ. ಅದನ್ನು ಇಡುವ ಜಾಗ ನಿಘಂಟು. ಕಿಟೆಲ್ 1894ರಲ್ಲಿ ಮಾಡಿದ್ದು ಅದನ್ನೇ, ಸಾಹಿತ್ಯ ಪರಿಷತ್ತಿನ ನಿಘಂಟು ಪ್ರಯೋಗಗಳನ್ನು ಕೊಟ್ಟದ್ದೂ ಹಾಗೆಯೇ. ಅಂತರಜಾಲದ ಮುಕ್ತ ನಿಘಂಟಾದ ವಿಕ್ಷನರಿಯಲ್ಲಿ ‘ವಲಸಿಗ’ಕ್ಕೆ ಎರಡನೆಯ ಅರ್ಥವಾಗಿ ಸೇರಿಸಿ, ಕೆಳಗೆ ಹತ್ತು ವಾಕ್ಯ ಕೊಡಿ. ಅದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.

ಕೋಟೆ ಕೆರೆ (ಬೆಳಗಾವಿ)

ನಿಘಂಟು ಅರ್ಥ ಹೇಳುತ್ತದೆ, ಅಥಣಿಯ ಚಹಾ ಅಂಗಡಿಯನ್ನು ಹೇಳುವುದಿಲ್ಲ.

ಡೋಣಿ ದಂಡೆ (ತಾಳಿಕೋಟೆ ಕಡೆ)

ಎರಡು ದಿನದಿಂದ ಓದುತ್ತಿದ್ದೇನೆ. ಯಾರಾದರೂ ಹೇಳುತ್ತಾರೆ ಎಂದು ಕಾದೆ, ಯಾರೂ ಹೇಳಲಿಲ್ಲ.

ನನ್ನ ಅಪ್ಪ ಅವ್ವ ಹದಿನಾಲ್ಕು ವರ್ಷ ಕಬ್ಬು ಕಡಿಯಲು ಹೋದವರು. ದೀಪಾವಳಿ ಹೊತ್ತಿಗೆ ಮುಕಾದಮ ಮುಂಗಡ ಕೊಟ್ಟು ಗ್ಯಾಂಗ್ ಕಟ್ಟುತ್ತಿದ್ದ. ಟ್ರ್ಯಾಕ್ಟರ್‌ನ ಟ್ರೇಲರ್‌ನಲ್ಲಿ ಹಾಸಿಗೆ, ಕೊಡ, ರೊಟ್ಟಿಯ ಹಂಚು, ಎರಡು ಆಡು, ಅವುಗಳ ನಡುವೆ ನನ್ನ ತಂಗಿ. ಓಣಿಯಲ್ಲಿ ಹತ್ತು ಮನೆಯಿದ್ದರೆ ಏಳು ಬಾಗಿಲಿಗೆ ಕೀಲಿ. ಅಜ್ಜಿಯ ಜೊತೆ ನಾನು ಉಳಿಯುತ್ತಿದ್ದೆ, ಶಾಲೆ ಬಿಡಬಾರದೆಂದು. ಶಾಲೆಯ ಹಾಜರಿ ಪುಸ್ತಕದಲ್ಲಿ ತಂಗಿಯ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಪದ: ‘ವಲಸೆ’. ನಾವು ಮನೆಯಲ್ಲಿ ‘ಗುಳೆ’ ಎನ್ನುತ್ತಿದ್ದೆವು, ಕಾಗದದಲ್ಲಿ ಅದು ‘ವಲಸೆ’ ಆಗುತ್ತಿತ್ತು. ನಮ್ಮ ಪಾಲಿಗೆ ಆ ಪದದ ಅರ್ಥ ಅಷ್ಟೇ, ಇನ್ನೊಂದಿಲ್ಲ.

ಸಚಿವರಾದವರಿಗೆ ಅದೇ ಪದ ಬಂದಾಗ ನನಗೆ ಸಿಟ್ಟು ಬಂತು. ಹೊಟ್ಟೆಗಾಗಿ ಊರು ಬಿಟ್ಟವರ ಹೆಸರನ್ನು ಅಧಿಕಾರಕ್ಕಾಗಿ ಪಕ್ಷ ಬಿಟ್ಟವರಿಗೆ ಕೊಟ್ಟರಲ್ಲ, ಒಬ್ಬರಾದರೂ ತಡೆಯಲಿಲ್ಲವಲ್ಲ ಎಂದು. ಈಗ ನವನಗರದ ಓದುಗರ ಪುಟ ತೆರೆದು ನೋಡಿದೆ. ಮೊದಲ ಸಾಲು: ‘ವಲಸಿಗರು ಎಂದರೆ ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ಬಂದು ಅಧಿಕಾರ ಪಡೆದ ಶಾಸಕರು.’ ನನ್ನ ಅವ್ವ ಆ ಪುಟದಲ್ಲಿ ಎಲ್ಲಿದ್ದಾಳೆ?

ಕರಡು ಕಾಕಾ (ಬೆಳಗಾವಿ)

ಆ ಪದವನ್ನು ನಾನೂ ಎಷ್ಟೋ ಸಲ ಓದಿ, ಸರಿಯಿದೆ ಎಂದು ಸಹಿ ಮಾಡಿ ಕಳಿಸಿದ್ದೇನೆ. ಐದು ಅಕ್ಷರ ಎಂದು ಎಣಿಸಿದೆನೇ ಹೊರತು ಇದನ್ನು ಯೋಚಿಸಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ತಮ್ಮಾ.

ಘಟಪ್ರಭೆ (ಮುಧೋಳ)

ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಆ ಪದವನ್ನು ನನ್ನ ಕೈಯಿಂದಲೇ ಬರೆದಿದ್ದೇನೆ.

ಬಾಗಲಕೋಟೆಯವರಿಗೆ ಇನ್ನೊಂದು ಪದ ನೆನಪಾಗಬೇಕು, ‘ಮುಳುಗಡೆ’. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಆ ಪದಕ್ಕೆ ಬೇರೆಯದೇ ಅರ್ಥ. ಅದರಲ್ಲಿ ಪರಿಹಾರ ಇದೆ, ನವನಗರದ ಸೆಕ್ಟರ್ ಇದೆ, ಕಚೇರಿಯ ಅಲೆದಾಟ ಇದೆ. ಮದುವೆಯ ಮಾತುಕತೆಯಲ್ಲಿ ಕೂಡ ‘ಅವರದು ಮುಳುಗಡೆಯಲ್ಲಿ ಹೋಗಿದೆ’ ಎಂದರೆ ಸಾಕು, ಎಲ್ಲ ತಿಳಿಯುತ್ತದೆ. ನಾಳೆ ಯಾರಾದರೂ ಸೋತ ಪಕ್ಷವನ್ನು ‘ಮುಳುಗಡೆ’ ಎಂದು ಕರೆದು, ವಿಶ್ವಕೋಶ ಅದಕ್ಕೇ ಪುಟ ಕೊಟ್ಟರೆ ನಮಗೂ ಹೀಗೇ ಆಗುತ್ತದೆ.

ಅಥಣಿಯವನು

ಹಾಗಾದರೆ ಪುಟ ಅಳಿಸಬೇಕು ಎನ್ನುತ್ತೀರಾ, ಡೋಣಿ ದಂಡೆ ಅಣ್ಣಾ?

ಡೋಣಿ ದಂಡೆ (ತಾಳಿಕೋಟೆ ಕಡೆ)

ಇಲ್ಲ. ಅಳಿಸಿದರೆ ಪದ ಅಳಿಯುವುದಿಲ್ಲ, ಎಲ್ಲಿಂದ ಕಿತ್ತು ತಂದರು ಎಂಬ ಮಾತು ಮಾತ್ರ ಅಳಿಯುತ್ತದೆ. ಪದಕ್ಕೆ ಮೊದಲು ಯಾರು ಒಡೆಯರಾಗಿದ್ದರು ಎಂದು ಬರೆದು ಆಮೇಲೆ ಮುಂದುವರಿಸಿ. ಅಷ್ಟೇ ನನ್ನ ಬೇಡಿಕೆ.

ನವನಗರದ ಓದುಗ (ಬಾಗಲಕೋಟೆ)

ಎಲ್ಲವನ್ನೂ ಎರಡೆರಡು ಸಲ ಓದಿದೆ. ಆ ಮೊದಲ ಸಾಲನ್ನು ನಾನು ಬರೆದೆ ಎಂಬುದು ಈಗ ಮುಳ್ಳಿನಂತೆ ಚುಚ್ಚುತ್ತಿದೆ. ನಮ್ಮ ಮನೆಯೂ ಮುಳುಗಡೆಯಲ್ಲಿ ಹೋದದ್ದೇ. ನನಗಾದರೂ ಹೊಳೆಯಬೇಕಿತ್ತು.

ಇವತ್ತು ಬೆಳಿಗ್ಗೆ ಆ ಪುಟದ ಚರ್ಚೆಯಲ್ಲಿ ಆಕ್ಷೇಪವನ್ನು ಒಪ್ಪಿಕೊಂಡು ಬರೆದಿದ್ದೇನೆ. ಸ್ವತಂತ್ರ ಪುಟ ಸದ್ಯಕ್ಕೆ ಬೇಡ. ಅದರಲ್ಲಿ ಗಟ್ಟಿ ಆಧಾರವಿರುವ ಭಾಗ, ಅಂದರೆ 2019ರ ರಾಜೀನಾಮೆ, ಕೋರ್ಟಿನ ತೀರ್ಪು, ಉಪಚುನಾವಣೆ ಎಲ್ಲವೂ ಕರ್ನಾಟಕದ ಪಕ್ಷಾಂತರದ ಲೇಖನಕ್ಕೆ ಹೋಗುತ್ತದೆ. ‘ಅನರ್ಹರು’, ‘ವಲಸಿಗರು’ ಎಂದು ಪತ್ರಿಕೆಗಳು ಕರೆದವು ಎಂಬುದು ಅಲ್ಲಿ ಎರಡು ವಾಕ್ಯ. ‘ವಲಸಿಗ’ ಎಂದು ಹುಡುಕಿದವರು ಮೊದಲು ವಲಸೆಯ ಪುಟಕ್ಕೆ ಹೋಗಬೇಕು. ಆ ಪುಟ ನೋಡಿದೆ, ಪಕ್ಷಿಗಳ ವಲಸೆಯ ಬಗ್ಗೆ ನಾಲ್ಕು ಪ್ಯಾರಾ ಇದೆ, ಕಬ್ಬು ಕಡಿಯಲು ಹೋಗುವವರ ಬಗ್ಗೆ ಒಂದು ಸಾಲೂ ಇಲ್ಲ. ಅದನ್ನು ಮೊದಲು ಬರೆಯಬೇಕು. ಡೋಣಿ ದಂಡೆಯವರೇ, ನಿಮ್ಮ ಸಹಾಯ ಬೇಕು. ನಿಮ್ಮ ಮನೆಯ ಕಥೆಯನ್ನು ಹಾಕಲಾಗದು, ಅದಕ್ಕೂ ವಕೀಲ ಸಾಹೇಬರ ನಿಯಮವೇ ಅನ್ವಯ. ಆದರೆ ಯಾವ ತಾಲ್ಲೂಕುಗಳಿಂದ ಹೋಗುತ್ತಾರೆ, ಮುಂಗಡದ ಲೆಕ್ಕ ಹೇಗೆ, ಎಲ್ಲಿ ಏನು ಹುಡುಕಬೇಕು ಎಂಬುದು ನಿಮಗೆ ಗೊತ್ತು. ಮುಕಾದಮ, ಗುಳೆ, ಗ್ಯಾಂಗ್ ಈ ಪದಗಳನ್ನೂ ವಿಕ್ಷನರಿಗೆ ಹಾಕೋಣ.

ನಿಘಂಟಿನ ಪ್ರಯೋಗಗಳಿಗೆ ಅಂತರಜಾಲದ ವರದಿ ಸಾಲದು. 2020ರ ಜನವರಿ, ಫೆಬ್ರುವರಿಯ ಜಿಲ್ಲಾ ಪುಟಗಳು ಬೇಕು.

ಕೋಟೆ ಕೆರೆ (ಬೆಳಗಾವಿ)

ನಾನು ಇನ್ನೂ ಒಪ್ಪುವುದಿಲ್ಲ, ಎರಡು ವಾಕ್ಯ ಸಾಲದು. ಆದರೆ ಕಟ್ಟು ಹುಡುಕಲು ಬರುತ್ತೇನೆ.

ಕರಡು ಕಾಕಾ (ಬೆಳಗಾವಿ)

ಗುರುವಾರ ಬೆಳಿಗ್ಗೆ ಹತ್ತಕ್ಕೆ ಗ್ರಂಥಾಲಯದ ಬಾಗಿಲಲ್ಲಿ ಇರುತ್ತೇನೆ, ಬನ್ನಿ. 2019ರ ಜುಲೈಯಿಂದಲೇ ಶುರು ಮಾಡೋಣ, ‘ಅನರ್ಹರು’ ಮೊದಲು ಕಂಡ ದಿನವೂ ಸಿಗಬಹುದು. ಮೊಬೈಲ್ ಚಾರ್ಜ್ ಮಾಡಿಕೊಂಡು ಬನ್ನಿ. ಕಟ್ಟನ್ನು ಪೂರ್ತಿ ಬಿಡಿಸಬಾರದು, ಬೆನ್ನು ಒಡೆಯುತ್ತದೆ, ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಚಿತ್ರ ತೆಗೆಯಬೇಕು. ದಿನಾಂಕದ ಸಾಲು ಚಿತ್ರದಲ್ಲಿ ಬರಲೇಬೇಕು.

ಡೋಣಿ ದಂಡೆ (ತಾಳಿಕೋಟೆ ಕಡೆ)

ಅವ್ವನನ್ನು ಕೇಳಿ ಪದಗಳ ಪಟ್ಟಿ ಮಾಡುತ್ತಿದ್ದೇನೆ. ಇವತ್ತು ರಾತ್ರಿ ಊಟದ ಹೊತ್ತಿಗೆ ಇಪ್ಪತ್ತಮೂರಾಗಿವೆ.